ಕಾಯಿ ಒಬ್ಬರದು, ಮರ ಒಬ್ಬರದು

1994ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಮಡಕಶಿರಾ ಕಡೆಯ ಹಳ್ಳಿ ನಮ್ಮದು. ಲೆಕ್ಕದ ಮೇಷ್ಟ್ರು ಹುಣಸೆ ಬರಲಿನಿಂದ ಅಂಗೈಗೆ ಹೊಡೆಯುತ್ತಿದ್ದರು. ಆ ದಿನ ಹತ್ತರವರೆಗೆ ಎಣಿಸಿದೆ. ಹನ್ನೊಂದನೆಯದು ಬೀಳುವಾಗ ಬರಲನ್ನೇ ಹಿಡಿದುಕೊಂಡೆ. ಕಸಿದು, ಮೊಣಕಾಲಿಗೆ ಕೊಟ್ಟು ಮುರಿದು, ಎರಡು ತುಂಡನ್ನೂ ಅವರ ಮೇಜಿನ ಮೇಲೆ ಸಾಲಾಗಿ ಇಟ್ಟು ಹೊರಗೆ ಬಂದೆ. ಬಡತನಕ್ಕೆ ಬಿಟ್ಟೆ ಎಂದು ನಾನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ಮನೆಯಲ್ಲಿ ಎಂಬತ್ತು ಕುರಿ ಇದ್ದವು, ಕಾಳಿನ ಪಣತದಲ್ಲಿ ರಾಗಿ ಇತ್ತು. ಹೊಡೆತ ಸಾಕಾಯಿತು, ಬಿಟ್ಟೆ. ಅಷ್ಟೇ.

ಹೊಡೆತ ಸಾಕೆಂದು ಬಂದವನಿಗೆ ಅಂಗಳದಲ್ಲಿ ಅಪ್ಪ ಕಾದಿದ್ದ. ಕುರಿ ಕೋಲಿನಿಂದ ಕಾಲಿನ ಮೀನಖಂಡಕ್ಕೆ ಬಿಗಿದು, "ಕೋಲು ಮುರಿಯೋ ಅಷ್ಟು ಗಂಡಸಾದೆಯಾ? ಇದನ್ನ ಮುರಿ ನೋಡಾಣ" ಅಂದ. ಅದು ಕಮರದ ಕೋಲು, ಮುರಿಯುವುದಲ್ಲ. ಮಾರನೆಯ ದಿನ ಕುರಿಯ ಹಿಂದೆ ಅಟ್ಟಿದ. ಮೂರು ತಿಂಗಳು ಹೋದೆ. ಕುರಿಯ ಹಿಂದೆ ನಡೆದವನಿಗೆ ಸಂಜೆ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಬೆಳಿಗ್ಗೆ ಇದ್ದ ಕುರಿಯೇ ಸಂಜೆಗೂ ಇರುತ್ತದೆ, ಇಲ್ಲವೇ ಒಂದು ಕಡಿಮೆಯಾಗಿರುತ್ತದೆ. ಇಂಥ ಕೆಲಸ ನನ್ನ ಜಾಯಮಾನಕ್ಕೆ ಹಿಡಿಸಲಿಲ್ಲ. ಹೇಳದೆ ಕೇಳದೆ ಬಸ್ಸು ಹತ್ತಿ ರಾಯದುರ್ಗಕ್ಕೆ ಬಂದು, ಕೋಟೆ ಗುಡ್ಡದ ಬುಡದಲ್ಲಿದ್ದ ಒಬ್ಬ ಬಡಗಿ ಮೇಸ್ತ್ರಿಯ ಶೆಡ್ಡಿಗೆ ಸೇರಿಕೊಂಡೆ.

ಮೇಸ್ತ್ರಿ ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ. ಅವನು ಮರ ಕಲಿಸಿದ ರೀತಿ ಹೀಗಿತ್ತು. ಕಣ್ಣು ಮುಚ್ಚು ಎನ್ನುತ್ತಿದ್ದ. ಕೈಗೊಂದು ತುಂಡು ಕೊಡುತ್ತಿದ್ದ. ತೂಕ ನೋಡಿ, ಮೂಸಿ, ಉಗುರಿನಿಂದ ಗೀರಿ ಯಾವ ಮರ ಎಂದು ಹೇಳಬೇಕು. ತಪ್ಪಿದರೆ ಅದೇ ತುಂಡಿನಿಂದ ಬೆನ್ನಿಗೆ ಏಟು. ಹಾಗಾಗಿ ಯಾವ ಮರ ಎಷ್ಟು ಗಟ್ಟಿ ಎಂಬುದು ನನಗೆ ಬೆನ್ನಿನಿಂದ ಗೊತ್ತು. ಬೇವಿನದು ಚಟ್ ಎಂದು ಸದ್ದು ಮಾಡಿ ಹೋಗುತ್ತದೆ. ಬಾಗೆಯದು ಅಗಲವಾಗಿ ಉರಿಯುತ್ತದೆ. ಕರಿಜಾಲಿಯದು ಎರಡು ದಿನ ಉಳಿಯುತ್ತದೆ. ಕಮರದ ಏಟಿಗೆ ಸದ್ದೇ ಇರುವುದಿಲ್ಲ, ನೋವು ಎಲುಬಿನ ಒಳಗಿಂದ ಶುರುವಾಗುತ್ತದೆ. ಎರಡನೆಯ ವರ್ಷದ ಹೊತ್ತಿಗೆ ನಾನು ತಪ್ಪು ಹೇಳುವುದು ನಿಂತಿತು. ಹೊಡೆತ ನಿಲ್ಲಲಿಲ್ಲ. ಅದಕ್ಕೆ ಬೇರೆ ಕಾರಣಗಳು ಸಿಕ್ಕವು.

ಆ ವರ್ಷಗಳಲ್ಲೇ ರಾಯದುರ್ಗ ಜೀನ್ಸ್ ಊರಾಯಿತು. ಒಂದೊಂದು ಓಣಿಗೂ ಹೊಲಿಗೆ ಯೂನಿಟ್ಟು. ಹಳ್ಳಿಗಳಿಂದ ಹೆಂಗಸರು ಆಟೋ ತುಂಬಿಕೊಂಡು ಬರುತ್ತಿದ್ದರು. ಗಂಡಸರು ಒಂದಿಷ್ಟು ಜನ ಇಲ್ಲಿ ಕಲಿತು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಮಷೀನಿಗೆಲ್ಲ ಟೇಬಲ್ಲು ಬೇಕು, ಇಸ್ತ್ರಿಗೆ ಬೇಕು, ಕಟಿಂಗಿಗೆ ಬೇಕು. ಎಲ್ಲರೂ ಪ್ಲೈವುಡ್ ಹಾಕಿಸುತ್ತಿದ್ದರು. ಜೀನ್ಸ್ ಬಟ್ಟೆಯ ಭಾರ ತಿಳಿಯದವರು ಮಾಡಿದ ಕೆಲಸ ಅದು. ಅರವತ್ತು ಪದರ ಹಾಸಿ ಕರೆಂಟಿನ ಕತ್ತರಿ ಓಡಿಸಿದರೆ ಪ್ಲೈವುಡ್ ನಡು ಬಗ್ಗುತ್ತದೆ, ಕಾಲು ಕುಣಿಯುತ್ತದೆ. ಒಂದು ಯೂನಿಟ್ಟಿನಲ್ಲಿ ಹಾಗೆ ಕುಣಿದಾಗಲೇ ಕಟಿಂಗ್ ಮಾಸ್ಟರನ ಹೆಬ್ಬೆರಳು ಬಟ್ಟೆಯ ಜತೆಗೆ ಹೋಯಿತು. ರಕ್ತ ಅರವತ್ತು ಪದರಕ್ಕೂ ಇಳಿದು ಮಾಲೆಲ್ಲ ಕೆಟ್ಟಿತು. ನಾನು ಅಲ್ಲೇ ಬಾಗಿಲಿಗೆ ಕದ ಕೂರಿಸುತ್ತಿದ್ದೆ. ಬೆರಳನ್ನು ನೆಲದಿಂದ ಎತ್ತಿ ಚಿಂದಿಯಲ್ಲಿ ಸುತ್ತಿ ಕೊಟ್ಟವನು ನಾನೇ.

ಆ ವಾರವೇ ಆ ಯೂನಿಟ್ಟಿನ ಮಾಲೀಕರು ನನ್ನನ್ನು ಮಾತ್ರ ಕರೆದರು. "ಇಪ್ಪತ್ನಾಕು ಅಡಿ ಟೇಬಲ್ ಬೇಕಪಾ. ಅಲ್ಲಾಡಬಾರ್ದು. ಆನಿ ಹತ್ತಿದ್ರೂ ಅಲ್ಲಾಡಬಾರ್ದು. ಮ್ಯಾಲಿನ ಹಲಗಿ ನಮ್ಮ ತೋಟದ ಬೇವಿಂದ ಕೊಯ್ಸಿಟ್ಟೀನಿ. ಕಾಲು, ತೊಲಿ ನೀ ತರಬೇಕು. ದೀಪಾವಳಿ ಲೋಡು ಶುರು ಆಗೋದ್ರಾಗ ನಿಲ್ಸಿದಿ ಅಂದ್ರ ನಲ್ವತ್ತು ಮಷೀನ್ ಟೇಬಲ್ಲು ನಿನಗ, ಹಿಂದಿನ ತಗಡಿನ ಶೆಡ್ಡೂ ನಿನಗ. ಬಾಡಿಗಿ ಬ್ಯಾಡ, ನನ್ನ ಕೆಲಸ ಮೊದಲು ಮಾಡ್ಕೊಡು, ಸಾಕು."

ನನ್ನ ಸ್ವಂತ ಶೆಡ್ಡು. ಎಂಟು ವರ್ಷ ಏಟು ತಿಂದವನಿಗೆ ಅದರ ಅರ್ಥ ಬೇರೆ. ಅಲ್ಲಿ ಕೈ ಎತ್ತುವವನು ಇರುವುದಿಲ್ಲ. ಮೇಸ್ತ್ರಿಗೆ ಹೇಳಿದೆ. ಅವನು ಕೀಸುಳಿ ಎಸೆದ. ಕಿವಿಯ ಪಕ್ಕದಲ್ಲಿ ಹೋಗಿ ಗೋಡೆಗೆ ಬಡಿದು ಬಿತ್ತು. "ಹೋಗಲೇ. ಮರ ಎಲ್ಲಿಂದ ತರ್ತೀಯೋ ನೋಡ್ತೀನಿ" ಅಂದ. ಅವನು ಬರೀ ನೋಡಲಿಲ್ಲ. ಮೂರು ಸಾಮಿಲ್ಲಿಗೂ ಹೇಳಿ ಬಂದಿದ್ದ. ನಾನು ಹೋದಲ್ಲೆಲ್ಲ, "ಗಟ್ಟಿ ಮರ ಇಲ್ಲಪಾ, ಇರೋದೆಲ್ಲಾ ಬುಕ್ ಆಗೈತಿ" ಎಂಬ ಮಾತು. ಹೇಳುವವನ ಬೆನ್ನ ಹಿಂದೆ ನನ್ನ ಕಣ್ಣೆದುರಿಗೇ ದಿಮ್ಮಿ ಅಡ್ಡ ಬಿದ್ದಿರುತ್ತಿತ್ತು.

ಹಾಗಾಗಿ ಹಳ್ಳಿ ಹಿಡಿದೆ. ಗುಮ್ಮಗಟ್ಟ ದಾಟಿ ಭೈರವಾನಿತಿಪ್ಪದ ದಾರಿಯಲ್ಲಿ ಒಬ್ಬ ರೈತನ ಹೊಲದ ಬದುವಿನಲ್ಲಿ ಒಂದು ಕರಿಜಾಲಿ ಕಂಡಿತು. ನನ್ನ ಎರಡು ಕೈ ಚಾಚಿ ಅಪ್ಪಿದರೂ ಬೆರಳು ಕೂಡಲಿಲ್ಲ. ನನಗೆ ಬೇಕಾದ ಕಾಲು, ತೊಲೆ, ಅಡ್ಡಪಟ್ಟಿ ಎಲ್ಲಾ ಅದರೊಳಗೆ ನಿಂತಿದ್ದವು. ರೈತನಿಗೆ ಆ ಮರದ ನೆರಳಿಂದ ಕಡಲೆಕಾಯಿ ಏಳುವುದಿಲ್ಲ ಎಂಬ ಕೊರಗು. ಒಪ್ಪಿದ. ಒಂದು ಮಾತು ಮಾತ್ರ ಹೇಳಿದ:

"ಕಾಯಿ ಕುರಿಯವಗ ಕೊಟ್ಟೀನಿ. ಅವು ಉದುರಿ ಮುಗಿಯೋ ಮಟ ತಡಿ. ಆಮ್ಯಾಲ ಬೇರು ಸಮೇತ ತಗೊಂಡು ಹೋಗು."

ನಮ್ಮ ಸೀಮೆಯಲ್ಲಿ ಜಾಲಿ ಮರಕ್ಕೆ ಇಬ್ಬರು ಒಡೆಯರು. ಮರ ಹೊಲದವನದು, ಬೇಸಗೆಯ ಕಾಯಿ ಕುರಿಯವನದು. ಹುಲ್ಲು ಸುಟ್ಟುಹೋದ ಎರಡು ತಿಂಗಳು ಕುರಿ ಬದುಕುವುದು ಆ ಕಾಯಿಯ ಮೇಲೆ. ಮಾಗುವ ಮೊದಲೇ ಕುರಿಯವನು ಬಂದು ಒಪ್ಪಂದ ಮಾಡಿ, ಬೊಡ್ಡೆಗೆ ಕಂಬಳಿಯ ಒಂದು ಚೂರು ಕಟ್ಟಿ ಹೋಗುತ್ತಾನೆ. ಚೂರು ಇರುವ ಮರಕ್ಕೆ ಬೇರೆ ಕುರಿಯವನು ಕೈ ಹಚ್ಚುವುದಿಲ್ಲ, ಒಡೆಯನೇ ಆದರೂ ಕೊಂಬೆ ಮುರಿಯುವುದಿಲ್ಲ. ನನ್ನಪ್ಪ ಎಷ್ಟು ಮರಕ್ಕೆ ಕಟ್ಟಿದ್ದನೋ. ಕಟ್ಟುವಾಗ ಚೂರನ್ನು ಹಿಡಿದುಕೊಂಡು ನಿಂತವನು ನಾನು.

ಈ ಮರಕ್ಕೂ ಚೂರು ಇತ್ತು. ನೋಡಿದೆ. ಆದರೆ ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಹಸಿ ಜಾಲಿಯನ್ನು ಹಾಗೇ ಕೊಯ್ದರೆ ತಿರುಚಿಕೊಳ್ಳುತ್ತದೆ. ಮೂರು ತಿಂಗಳು ನೀರಿನ ಕೆಸರಿನಲ್ಲಿ ಹೂಳಬೇಕು, ಮತ್ತೆ ನೆರಳಲ್ಲಿ ಒಣಗಿಸಬೇಕು. ಪಕ್ಕದ ಕುಂಟೆಯಲ್ಲಿ ನೀರು ವಾರಕ್ಕೆ ಒಂದು ಗೇಣು ಇಳಿಯುತ್ತಿತ್ತು. ಕಾಯಿ ಉದುರುವ ತನಕ ಕಾದರೆ ಕುಂಟೆ ಬತ್ತುತ್ತದೆ, ದೀಪಾವಳಿ ದಾಟುತ್ತದೆ, ಶೆಡ್ಡು ಹೋಗುತ್ತದೆ. ಕಾಯಿ ಹೇಗಿದ್ದರೂ ನೆಲಕ್ಕೆ ಬೀಳುವುದೇ ಅಲ್ಲವೇ, ನಾನೇ ಒಂದೇ ಸಲಕ್ಕೆ ಬೀಳಿಸಿಕೊಡುತ್ತೇನೆ ಎಂದುಕೊಂಡೆ. ಕುರಿ ಕಾದವನ ಮಗನಾಗಿ ಎಳೆಕಾಯಿಗೂ ಮಾಗಿದ ಕಾಯಿಗೂ ಇರುವ ಅಂತರ ಗೊತ್ತಿಲ್ಲದಂತೆ ನನಗೆ ನಾನೇ ಹೇಳಿಕೊಂಡ ಮಾತು ಅದು. ಚೂರನ್ನು ಬಿಚ್ಚಲಿಲ್ಲ. ಅದರ ಕೆಳಗೆ ಕೊಡಲಿ ಹಾಕಿದೆ.

ಬೆಳಿಗ್ಗೆಯಿಂದ ಕಡಿದೆ. ಜಾಲಿ ಸುಲಭಕ್ಕೆ ಸಾಯುವುದಿಲ್ಲ. ಹೊರಗಿನ ಬಿಳಿ ಮರ ಹೋಗಿ ಒಳಗಿನ ಕೆಂಪು ತಾಕಿದಾಗ ಕೊಡಲಿ ವಾಪಸು ಚಿಮ್ಮುತ್ತದೆ, ಏಟು ಭುಜಕ್ಕೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೊಡ್ಡೆಯ ಮುಕ್ಕಾಲು ಭಾಗ ಬಾಯಿ ಬಿಟ್ಟಿತ್ತು. ಆಗ ಕುರಿಗಳ ಸದ್ದು ಕೇಳಿತು.

ಕುರಿಯವನು ನನಗಿಂತ ಹತ್ತು ವರ್ಷ ದೊಡ್ಡವನು. ಹಿಂದೆ ಅವನ ಹೆಂಡತಿ, ಒಂದು ನಾಯಿ. ಅವನ ಕೈಯಲ್ಲಿ ದೋಟಿ, ಅಂದರೆ ಉದ್ದ ಗಳದ ತುದಿಗೆ ಕುಡುಗೋಲು ಕಟ್ಟಿದ ಕೋಲು, ಕೊಂಬೆ ಎಳೆದು ಕತ್ತರಿಸುವುದು. ಅವನು ಮರವನ್ನು ನೋಡಿದ, ಚೂರನ್ನು ನೋಡಿದ, ನನ್ನನ್ನು ನೋಡಿದ.

"ಯಾವನಲೇ ನೀನು?"

"ಬಡಗಿ. ಮರ ಕೊಂಡಿದೀನಿ."

"ಮರ ಕೊಂಡಿ. ಕಾಯಿ ಯಾರಪ್ಪಂದು?"

"ಕಾಯಿ ನಿಂದೇ. ಕೆಳಕ್ಕೆ ಬೀಳ್ತವೆ, ಆಯ್ಕೋ. ಹತ್ತೋ ಕೆಲ್ಸ ತಪ್ತಲ್ಲ."

"ಕೇಳಿದೇನ? ಹತ್ತೋ ಕೆಲಸ ತಪ್ಪಿಸ್ಯಾನಂತ!" ಅಂತ ಹೆಂಡತಿಯ ಕಡೆ ತಿರುಗಿ ನಕ್ಕ. "ಮಾತು ಮಡಕಶಿರಾ ಕಡೀದು, ಬುದ್ಧಿ ಯಾವ ಕಡೀದೋ. ಹೊಟ್ಟ್ಯಾಗಿನ ಕೂಸು ಕುಯ್ದು ಕೈಯಾಗ ಇಟ್ಟು, ಹೆರೋ ತ್ರಾಸು ತಪ್ತು ಅಂದಂಗಾತು. ಕಂಬಳಿ ಚೂರು ಕಾಣ್ಲಿಲ್ಲೇನಲೇ?"

"ಕಾಣ್ತು."

"ಕಂಡೂ ಕಡದಿ?"

"ಕಂಡೂ ಕಡದೆ. ನಮ್ಮಪ್ಪಾನೂ ಕುರಿಯೋನೇ. ನಂಗೆ ಹೇಳ್ಬೇಡ."

ಇದು ಆಡಬಾರದ ಮಾತು. ಗೊತ್ತಿಲ್ಲದೆ ಕಡಿದವನಿಗೆ ಕ್ಷಮೆ ಇದೆ, ಗೊತ್ತಿದ್ದು ಕಡಿದವನಿಗೆ ಇಲ್ಲ. ಅವನ ಹೆಂಡತಿ ನನ್ನ ಮುಖಕ್ಕೆ ಉಗಿದಳು. "ನಿಮ್ಮಪ್ಪ ಕುರಿ ಕಾಯ್ಲಿಲ್ಲ, ಹಂದಿ ಹಡದಾನ" ಅಂದಳು. ಕುರಿಯವನು ದೋಟಿಯ ಗಳದಿಂದ ನನ್ನ ಎದೆಗೆ ತಿವಿದು ಮರದಿಂದ ಹಿಂದಕ್ಕೆ ನೂಕಿದ.

ಮುಂದೆ ಪಂಚಾಯಿತಿಯಲ್ಲಿ ನಾನು ಹೇಳಿದ್ದು, ಅವನು ಮೊದಲು ನನ್ನ ಬೆರಳು ಕತ್ತರಿಸಿದ, ಆಮೇಲೆ ನಾನು ಹೊಡೆದೆ ಅಂತ. ಸುಳ್ಳು. ನಾನೇ ಮೊದಲು ಹೊಡೆದೆ. ಕೊಡಲಿ ತಿರುಗಿಸಿ, ಅದರ ಹಿಂಬದಿಯಿಂದ, ದೋಟಿ ಹಿಡಿದ ಅವನ ಬಲಗೈಗೆ ಮೊಣಕೈ ಕೆಳಗೆ ಬೀಸಿದೆ. ಒಣ ಕೊಂಬೆ ಮುರಿದಂತೆ ಸದ್ದು ಬಂತು. ಅವನು ಕೂಗಲಿಲ್ಲ. ಎಡಗೈಯಲ್ಲೇ ದೋಟಿ ಎಳೆದ. ಕುಡುಗೋಲು ನನ್ನ ಎಡಗೈಯನ್ನು ಕೊಂಬೆಯಂತೆ ಹಿಡಿದು ಸೆಳೆಯಿತು. ಕಿರುಬೆರಳು, ಅದರ ಪಕ್ಕದ ಬೆರಳು. ನೋವು ತಕ್ಷಣ ಬರಲಿಲ್ಲ, ಕೈ ಹಗುರಾಯಿತು ಅನಿಸಿತು. ಅವನ ಹೆಂಡತಿ ಕಲ್ಲೆತ್ತಿ ಎಸೆದಳು, ಹುಬ್ಬು ಒಡೆಯಿತು. ನಾಯಿ ತೊಡೆ ಹಿಡಿಯಿತು. ನಾನು ರಕ್ತದ ಕಣ್ಣಿನಲ್ಲಿ ನಾಯಿಯನ್ನು ಒದೆಯುತ್ತ, ಕುರಿಯವನ ಕೊರಳಪಟ್ಟಿ ಹಿಡಿದೆ, ಇಬ್ಬರೂ ಮುಳ್ಳಿನ ಮೇಲೆ ಹೊರಳಾಡಿದೆವು.

ಆಗ ಮರ ಮುರಿಯಿತು. ಮುಕ್ಕಾಲು ಕಡಿದು ನಿಲ್ಲಿಸಿದ ಮರ ಯಾರಿಗೂ ಕಾಯುವುದಿಲ್ಲ ಎಂಬುದು ಬಡಗಿಗೆ ಗೊತ್ತಿರಬೇಕಾದ ಮೊದಲ ಪಾಠ. ಹಗ್ಗ ಕಟ್ಟಿ ಹೊಲದ ಕಡೆ ಎಳೆಯಬೇಕು ಎಂದುಕೊಂಡಿದ್ದೆ. ಅದು ತನಗೆ ಬೇಕಾದ ಕಡೆ ಬಿತ್ತು. ನೆರಳಿಗೆಂದು ಬದುವಿನ ಆಚೆ ಗುಂಪಾಗಿ ನಿಂತಿದ್ದ ಕುರಿಗಳ ಮೇಲೆ. ನೆಲ ಅದುರಿತು. ಧೂಳು ಇಳಿದಾಗ ಮೂರು ಕುರಿ ಬೊಡ್ಡೆಯ ಕೆಳಗೆ ಚಪ್ಪಟೆಯಾಗಿದ್ದವು. ಇನ್ನೊಂದರ ಬೆನ್ನು ಮುರಿದು, ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಉಳಿದ ಕುರಿಗಳು ಓಡಿದವು, ಸ್ವಲ್ಪ ಹೊತ್ತಿಗೆ ವಾಪಸು ಬಂದು ಬಿದ್ದ ಮರದ ಎಲೆ ತಿನ್ನತೊಡಗಿದವು. ಎಳೆಕಾಯಿಯನ್ನು ಮೂಸಿ ಬಿಟ್ಟವು.

ನಾವಿಬ್ಬರೂ ಹೊಡೆದಾಟ ನಿಲ್ಲಿಸಿದ್ದು ಆಗ. ಬೆನ್ನು ಮುರಿದ ಕುರಿಯನ್ನು ಕೊಲ್ಲಬೇಕಿತ್ತು. ಅವನ ಬಲಗೈ ನೇತಾಡುತ್ತಿತ್ತು. ಅವನ ಹೆಂಡತಿ ನನ್ನ ಕೊಡಲಿ ಎತ್ತಿಕೊಂಡು, ಒಂದೇ ಏಟಿಗೆ ಮುಗಿಸಿ, ಕೊಡಲಿಯನ್ನು ನನ್ನ ಕಾಲ ಬಳಿ ಎಸೆದಳು.

ಪೊಲೀಸ್ ಸ್ಟೇಷನ್ನಿಗೆ ಹೋದರೆ ಇಬ್ಬರನ್ನೂ ಒಳಗೆ ಹಾಕುತ್ತಾರೆ ಎಂದು ಊರಿನ ಹಿರಿಯರು ಕಟ್ಟೆಯಲ್ಲೇ ಕೂತು ಮಾತಾಡಿದರು. ನನ್ನ ಕೈಗೆ ಆಸ್ಪತ್ರೆಯ ಬ್ಯಾಂಡೇಜು, ಅವನ ಕೈಗೆ ನಾಟಿ ವೈದ್ಯನ ಬಿದಿರು ಪಟ್ಟಿ, ಮೊಟ್ಟೆ ಲೇಪ. ಬೆರಳಿಗೆ ಕೈ ಸಮ ಎಂದು ಒಬ್ಬ ಹಿರಿಯ ಅಂದ. ಕುರಿಯವನ ಹೆಂಡತಿ ಎದ್ದು ನಿಂತಳು.

"ಕೈಗೆ ಬೆರಳು ಸಮ ಆತು ಅನ್ನಿರಿ. ನಾಕು ಕುರಿ? ಮುಂದಿನ ಎರಡು ತಿಂಗಳ ಮೇವು? ಇನ್ನ ದೋಟಿ ಯಾರು ಹಿಡೀಬೇಕ್ರಿ? ನೀವು ಬರ್ತೀರೇನ್ರಿ ಯಜಮಾನ್ರ, ಮರ ಹತ್ತಾಕ?"

ಕಟ್ಟೆ ನಕ್ಕಿತು. ಯಜಮಾನನೂ ನಕ್ಕ, ಆಮೇಲೆ ತೀರ್ಮಾನ ಹೇಳಿದ. ಬಿದ್ದ ಮರ ಕುರಿಯವನಿಗೆ, ಇದ್ದಿಲಿಗೆ ಮಾರಿಕೊಳ್ಳಲಿ. ಅವನ ಕೈ ಕೂಡುವ ತನಕ ಅವನ ಕುರಿ ಕಾಯುವುದು, ದೋಟಿ ಹಿಡಿದು ಸೊಪ್ಪು ಕಾಯಿ ಇಳಿಸುವುದು ನನ್ನ ಪಾಲಿಗೆ. "ಕುರಿಯವನ ಮಗಾ ಅಂತ ನೀನೇ ಅಂದೀಯಲ್ಲ. ಕಲಿಸೋದೇನೂ ಇಲ್ಲ."

ಮರ ಹೋಯಿತು, ಬೆರಳು ಹೋಯಿತು, ಬಿಟ್ಟು ಓಡಿಬಂದಿದ್ದ ಕುರಿಯ ಹಿಂದೆ ಮತ್ತೆ ಬಂದು ನಿಂತೆ. ತಪ್ಪಿಸಿಕೊಂಡು ಹೋಗಬಹುದಿತ್ತು. ಆದರೆ ಒಪ್ಪಿದ ಮೇಲೆ ಓಡುವ ಜಾತಿ ನನ್ನದಲ್ಲ. ಅಲ್ಲದೆ ಮಾಲೀಕರು ಹೇಳಿ ಕಳಿಸಿದ್ದರು, ದೀಪಾವಳಿಯ ಮಾತು ದೀಪಾವಳಿಗೇ, ಶೆಡ್ಡಿನ ಬೀಗ ಅಲ್ಲಿಯ ತನಕ ಬೇರೆಯವನಿಗೆ ಕೊಡುವುದಿಲ್ಲ ಅಂತ.

ಕುರಿಯವನು ಪ್ರತಿದಿನ ಜತೆಗೆ ಬರುತ್ತಿದ್ದ. ಕೆಲಸ ಮಾಡಲಿಕ್ಕಲ್ಲ, ನೋಡಲಿಕ್ಕೆ. ಕಟ್ಟಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಕಲ್ಲಿನ ಮೇಲೆ ಕೂತು, "ಆ ಕೊಂಬಿ ಅಲ್ಲಲೇ, ಮ್ಯಾಲಿಂದು. ಇನ್ನೂ ಮೂರು ಬೆರಳು ಅದಾವಲ್ಲ, ಹಿಡಿ" ಎನ್ನುತ್ತಿದ್ದ. ಹಸಿ ಗಾಯದ ಕೈಯಲ್ಲಿ ದೋಟಿ ಎಳೆಯುವಾಗ ಬ್ಯಾಂಡೇಜು ಕೆಂಪಾಗುತ್ತಿತ್ತು. ಅದನ್ನು ನೋಡಿ ಅವನಿಗೆ ಹೊಟ್ಟೆ ತುಂಬುತ್ತಿತ್ತು. ನಾನೂ ಅವನ ಕೈ ನೋವಿಗೆ ಅವುಡು ಕಚ್ಚುವಾಗ ಮುಖ ತಿರುಗಿಸಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಆಗ ಇದ್ದದ್ದು ಹಾಗೆ.

ಕುರಿ ದಾರಿಯಲ್ಲಿ ನಡೆಯುವುದಿಲ್ಲ. ಯಾವ ಬಸ್ಸಿನಿಂದಲೂ ಕಾಣದ ಹೊಲಗಳ ಒಳಗೆ ಹೋಗುತ್ತದೆ. ಅಲ್ಲಿ ನೀರು ಹುಡುಕುತ್ತ ಹೋದಾಗ ನನಗೆ ಸಿಕ್ಕದ್ದು ಕಪಿಲೆ ಬಾವಿಗಳು. ಬೋರು ಬರುವ ಮೊದಲು ಎತ್ತು ಕಟ್ಟಿ ಚರ್ಮದ ಬಾನೆಯಲ್ಲಿ ನೀರೆತ್ತುತ್ತಿದ್ದ ಬಾವಿಗಳು. ಬಾಯಿಯ ಮೇಲೆ ಎರಡು ಕಂಬ, ಬಾವಿಗೆ ಚಾಚಿದ ಎರಡು ತೊಲೆ. ಎತ್ತು ಹೋಗಿ ನಲವತ್ತು ವರ್ಷ, ಕಂಬ ಹಾಗೇ ನಿಂತಿದ್ದವು. ಮೊದಲನೆಯದಕ್ಕೆ ಉಗುರು ಹಾಕಿ ಗೀರಿದೆ. ಉಗುರು ಮುರಿಯಿತು. ಕಮರ. ನಲವತ್ತು ಬೇಸಗೆ ಒಣಗಿ, ಬಾವಿ ಬದುಕಿದ್ದಷ್ಟು ಕಾಲ ನೀರು ಕುಡಿದ ಮರ. ಇನ್ನು ಕೆಸರಲ್ಲಿ ಹೂಳುವುದು ಬೇಡ, ಕಾಯುವುದು ಬೇಡ, ತಿರುಚುವುದಿಲ್ಲ, ಹುಳ ಮುಟ್ಟುವುದಿಲ್ಲ. ಸಾಮಿಲ್ಲಿನವರಿಗೆ ಹೊಳೆಯದೆ ಹೋದ ಮರ ಬಯಲಿನಲ್ಲಿ ಕಾವಲಿಲ್ಲದೆ ನಿಂತಿತ್ತು. ಬಾವಿಯ ಒಡೆಯರನ್ನು ಸಂಜೆ ಕುರಿ ದೊಡ್ಡಿಗೆ ಹೊಡೆದ ಮೇಲೆ ಹೋಗಿ ಕೇಳುತ್ತಿದ್ದೆ. ಕೆಲವರು ಬೆಂಗಳೂರಿಗೆ ಹೋಗಿದ್ದರು, ಅವರ ಪರವಾಗಿ ಅಣ್ಣತಮ್ಮಂದಿರು ಒಯ್ಯಿ ಎಂದರು. ಯಾರೂ ಇಲ್ಲ ಅನ್ನಲಿಲ್ಲ. ಈ ಸಲ ಮಾತ್ರ ಪ್ರತಿ ಬಾವಿಗೂ ಎರಡೆರಡು ಸಲ ಕೇಳಿದೆ, ಇದರ ಮೇಲೆ ಬೇರೆ ಯಾರ ಹಕ್ಕಾದರೂ ಇದೆಯೇ ಎಂದು.

ನಾಲ್ಕನೆಯ ಬಾವಿಯಲ್ಲಿ ತೊಲೆ ಕಲ್ಲಿನ ಗೂಡಿನಿಂದ ಬಿಡಲಿಲ್ಲ. ಅದರ ಮೇಲೇ ಕಾಲಿಟ್ಟು, ಬಾವಿಯ ಮೇಲೆ ನಿಂತು ಗೂಡು ಒಡೆಯುತ್ತಿದ್ದೆ. ಕುರಿಯವನು ಕಟ್ಟೆಯ ಮೇಲೆ ಕೂತಿದ್ದ. ತೊಲೆ ಸಡಿಲವಾದದ್ದು ನಮ್ಮಿಬ್ಬರಿಗೂ ಒಂದೇ ಸಲ ತಿಳಿಯಿತು. ಅವನು ಕಾಲು ಚಾಚಿ ಒದ್ದ. ತೊಲೆಯೂ ನಾನೂ ಕೆಳಗೆ ಹೋದೆವು. ಸೊಂಟದ ಮಟ್ಟ ಕೆಸರು ನೀರು ಇತ್ತು, ಉಳಿದೆ. ತೊಲೆ ನನ್ನ ತಲೆಯಿಂದ ಒಂದು ಮೊಳ ದೂರಕ್ಕೆ ನೆಟ್ಟಗೆ ಇಳಿದು ಕೆಸರಲ್ಲಿ ಹೂತು ನಿಂತಿತು. ಮೇಲಿನಿಂದ ಅವನ ಮುಖ ಕಂಡಿತು.

"ಅದೀಯೇನಲೇ?"

"ಇದೀನಿ."

"ಛೇ," ಅಂದ.

ಮೆಟ್ಟಿಲ ಕಲ್ಲು ಹಿಡಿದು ಹತ್ತಿ ಬಂದೆ. ಹೊಡೆಯಲು ಕೈ ಎತ್ತಿದೆ. ಅವನು ಹಿಂದೆ ಸರಿಯಲಿಲ್ಲ. ಬಿದಿರು ಕಟ್ಟಿದ ಕೈಯನ್ನೇ ಮುಂದೆ ಚಾಚಿದ. "ಇದಕ್ಕ ಹೊಡಿ. ಮತ್ತ ಮುರೀಲಿ. ಇನ್ನ ಮೂರು ತಿಂಗಳು ಕುರಿ ಕಾಯಿ. ದೀಪಾವಳಿ ನಮ್ಮ ಹಟ್ಟ್ಯಾಗ ಮಾಡು, ಹೋಳಿಗಿ ಹಾಕಸ್ತೀನಿ."

ಎತ್ತಿದ ಕೈ ಇಳಿಸಿದೆ. ನನ್ನ ಜೀವನದಲ್ಲಿ ಹೊಡೆಯದೆ ಇಳಿಸಿದ ಮೊದಲ ಕೈ ಅದು. ಕರುಣೆಯಿಂದಲ್ಲ. ಶೆಡ್ಡು ಕಣ್ಣಮುಂದೆ ಬಂತು.

ಮಳೆ ಬಿದ್ದ ಮೇಲೆ ವೈದ್ಯ ಬಿದಿರು ಬಿಚ್ಚಿದ. ಎಲುಬು ಕೂಡಿತ್ತು, ನೇರವಾಗಿ ಕೂಡಿರಲಿಲ್ಲ. ತಿಂಗಳುಗಟ್ಟಲೆ ಕೊರಳಿಗೆ ನೇತುಬಿದ್ದ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ವೈದ್ಯ ಸಾಕೆಂದ, ಯಜಮಾನ ಸಾಕೆಂದ, ನನ್ನ ಪಾಲು ಮುಗಿಯಿತು. ಏರದ ಆ ಕೈಯನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ. ಮಾರನೆಯ ದಿನ ನಾನು ಟ್ರ್ಯಾಕ್ಟರಿನಲ್ಲಿ ಐದು ಬಾವಿಯ ಇಪ್ಪತ್ತು ಮರ ಹೇರಿಕೊಂಡು ರಾಯದುರ್ಗಕ್ಕೆ ಬಂದೆ.

ಕಮರ ಕೊಯ್ಯುವುದು ಎಂದರೆ ಮತ್ತೊಂದು ಹೊಡೆದಾಟ. ಗರಗಸದ ಹಲ್ಲು ಕಿತ್ತು ಬರುತ್ತಿದ್ದವು. ಉಳಿ ಜಾರಿ ಎರಡು ಸಲ ಅಂಗೈಗೆ ಇಳಿಯಿತು. ಮೂರು ಬೆರಳಿನ ಎಡಗೈಯಿಂದ ಉಳಿ ಹಿಡಿಯಲು ಹೊಸದಾಗಿ ಕಲಿಯಬೇಕಾಯಿತು. ಒಂದೂ ಮೊಳೆ ಹಾಕಲಿಲ್ಲ, ಎಲ್ಲಾ ಒಂದರೊಳಗೊಂದು ಕೂರುವ ಸಂದು, ಮರದ ಬೆಣೆ. ಹದಿನಾಲ್ಕು ಕಾಲು, ಉದ್ದಕ್ಕೆ ತೊಲೆ, ಅಡ್ಡಕ್ಕೆ ಪಟ್ಟಿ. ದೀಪಾವಳಿಗೆ ಒಂದು ತಿಂಗಳಿದ್ದಾಗ ಟೇಬಲ್ಲನ್ನು ನಿಲ್ಲಿಸಿದೆ.

ನೋಡಲು ಮೇಸ್ತ್ರಿಯೂ ಬಂದಿದ್ದ, ಯಾರು ಕರೆದರೋ. ಮಾಲೀಕರು ಎಂಟು ಜನರನ್ನು ಟೇಬಲ್ಲಿನ ಮೇಲೆ ಹತ್ತಿಸಿ ಕುಣಿಯಿರಿ ಅಂದರು. ಕುಣಿದರು. ಅರವತ್ತು ಪದರ ಹಾಸಿ ಕತ್ತರಿ ಓಡಿಸಿದರು. ಮೇಲೆ ಇಟ್ಟ ಲೋಟದ ನೀರು ಅಲುಗಲಿಲ್ಲ. ಮೇಸ್ತ್ರಿ ಕೆಳಗೆ ಕೂತು, ಒಂದೊಂದು ಸಂದಿಗೂ ಬೆರಳು ಹಾಯಿಸಿದ. ಒಂಬತ್ತನೆಯ ಕಾಲಿನ ಹತ್ತಿರ ನಿಂತ. ಎದ್ದು ಬಂದು ನನ್ನ ಕೆನ್ನೆಗೆ ಫಳಾರ್ ಎಂದು ಬಿಟ್ಟ.

"ಇಲ್ಲಿ ಕಾಗದ ಹೋಗೋಷ್ಟು ಸಂದು ಐತಿ" ಅಂದ.

"ಉಳಿದದ್ದರಲ್ಲಿ?" ಅಂದೆ.

"ಉಳಿದದ್ರಾಗ ಇದ್ರ ಇನ್ನೂ ಹೊಡೀತಿದ್ದೆ."

ಮಾಲೀಕರು ನಕ್ಕು ಶೆಡ್ಡಿನ ಬೀಗದ ಕೈ ಕೊಟ್ಟರು. ಮೇಸ್ತ್ರಿ ಮತ್ತೆ ನನ್ನ ಮೇಲೆ ಕೈ ಮಾಡಲಿಲ್ಲ. ಮಾಡಿದ್ದರೆ ತಿರುಗಿಸಿ ಕೊಡುತ್ತಿದ್ದೆ, ಅದು ಅವನಿಗೂ ಗೊತ್ತಿತ್ತು.

ಕುರಿಯವನ ಸುದ್ದಿ ಮಾರನೆಯ ಬೇಸಗೆ ಬಂತು. ದೋಟಿ ಎತ್ತಲಾಗದ ಕೈಯಿಂದ ಕಾಯಿ ಇಳಿಸಲು ಬರುವುದಿಲ್ಲ, ಆಳು ಇಟ್ಟು ಕುರಿ ಸಾಕಿದವರಿಲ್ಲ. ಕುರಿ ಮಾರಿ ಬೆಂಗಳೂರಿಗೆ ಹೋದ. ಅಲ್ಲಿ ಯಾವುದೋ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ. ಹಬ್ಬಕ್ಕೆ ಬಂದು ಹೋಗುತ್ತಾನೆ. ಬಂದಾಗ ನನ್ನ ಶೆಡ್ಡಿನ ಮುಂದೆ ಹಾದು ಹೋಗಿದ್ದಾನೆ, ನಿಂತಿಲ್ಲ.

ಅವನ ಹೆಂಡತಿ ಅವನ ಜತೆ ಹೋಗಲಿಲ್ಲ. ಹಳ್ಳಿಯಿಂದ ಆಟೋದಲ್ಲಿ ಬರುವ ಹೆಂಗಸರ ಜತೆ ನಮ್ಮ ಮಾಲೀಕರ ಯೂನಿಟ್ಟಿಗೇ ಬಂದು ಸೇರಿದಳು. ಹೊಲಿದ ಪ್ಯಾಂಟಿನ ಉಳಿದ ದಾರ ಕತ್ತರಿಸುವ ಕೆಲಸ. ಕಟಿಂಗ್ ಇಲ್ಲದ ಹೊತ್ತಿನಲ್ಲಿ ಆ ಹೆಂಗಸರು ನನ್ನ ಇಪ್ಪತ್ನಾಲ್ಕು ಅಡಿ ಟೇಬಲ್ಲಿನ ಸುತ್ತ ನಿಂತು ದಾರ ತೆಗೆಯುತ್ತಾರೆ. ಮೊದಲ ದಿನ ಅವಳನ್ನು ಅಲ್ಲಿ ಕಂಡಾಗ ನನ್ನ ಕಾಲು ನಿಂತಿತು. ಅವಳು ತಲೆ ಎತ್ತಿ ನೋಡಿ, ಕೈಯಲ್ಲಿದ್ದ ಕತ್ತರಿಯ ತುದಿಯನ್ನು ಟೇಬಲ್ಲಿನ ಅಂಚಿನ ಕಮರದ ಪಟ್ಟಿಗೆ ಬಲವಾಗಿ ಚುಚ್ಚಿದಳು. ಕತ್ತರಿಯ ತುದಿ ಮುರಿಯಿತು. ಪಕ್ಕದವಳು ಯಾಕ ಎಂದಳು. "ಎಷ್ಟು ಗಟ್ಟಿ ಐತೋ ನೋಡಿದೆ" ಅಂದಳು. ಮತ್ತೆ ಬೇರೆ ಕತ್ತರಿ ಕೇಳಿ ತಂದು ಕೆಲಸಕ್ಕೆ ನಿಂತಳು.

ಒಮ್ಮೆ, ಯಾವುದೋ ವರ್ಷ, ನಾನು ಹತ್ತಿರ ಹೋಗಿ, "ನಿಮ್ಮ ಮನೆ ಬಾಗ್ಲು ಗೀಗ್ಲು ಮಾಡೋದಿದ್ರೆ ಹೇಳವ್ವ, ಮಾಡ್ಕೊಡ್ತೀನಿ" ಅಂದೆ. ಅವಳು ನನಗೆ ಹೇಳಲಿಲ್ಲ, ಪಕ್ಕದವಳಿಗೆ ಹೇಳಿದಳು. "ಅವಗ ಹೇಳು, ನಮ್ಮನಿಗೆ ಬಾಗಲು ಐತಿ." ಅಷ್ಟೇ. ಈಗಲೂ ಅವಳು ಅಲ್ಲೇ ಇದ್ದಾಳೆ. ನಾನು ಟೇಬಲ್ಲಿನ ಬೆಣೆ ಬಡಿಯಲು ವರ್ಷಕ್ಕೊಮ್ಮೆ ಒಳಗೆ ಹೋದಾಗ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ, ನೋಡುವುದಿಲ್ಲ. ಮರ ಹುಡುಕಿಕೊಂಡು ಬರುವ ಬಡಗಿಗಳು ನನ್ನನ್ನು ಕೇಳುತ್ತಾರೆ, ಗಟ್ಟಿ ಮರ ಎಲ್ಲಿ ಸಿಗುತ್ತದೆ ಅಂತ. ಬಾವಿ ತೋರಿಸುತ್ತೇನೆ, ಬಿದ್ದ ಗಾಣ ತೋರಿಸುತ್ತೇನೆ, ಮುರಿದ ಗಾಡಿಯ ಅಚ್ಚು ತೋರಿಸುತ್ತೇನೆ. ನಿಂತ ಜಾಲಿ ತೋರಿಸುವುದಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ತಗಡಿನ ಶೆಡ್ಡು ಒಂದು, ಅದಕ್ಕೆ ಸೇರಿಸಿ ನಾನೇ ಕಟ್ಟಿದ ಕೋಣೆ ಒಂದು. ಪಟ್ಟಿ ಗರಗಸದ ಮಷೀನು ಒಂದು, ಕೈ ಗರಗಸ ನಾಲ್ಕು, ಉಳಿ ಹನ್ನೊಂದು, ಬಾಚಿ ಎರಡು. ಕೆಲಸದವರು ಇಬ್ಬರು. ಹೆಂಡತಿ, ಮಗಳು. ಗೋಡೆಗೆ ಒರಗಿಸಿದ ಕಮರದ ಕಂಬ ಒಂಬತ್ತು, ಬೇವಿನ ಹಲಗೆ ಮೂವತ್ತೆರಡು. ಒಂದು ಮೋಟಾರ್ ಸೈಕಲ್ಲು.